ಏಳು ಸುತ್ತಿನ ಕೋಣೆ

ಚಿತ್ರದುರ್ಗದ ಕೋಟೆಗೆ ಏಳು ಸುತ್ತು. ಹೈದರಾಲಿ ದಂಡೆತ್ತಿ ಬಂದು ಬಂದು, ಕೊನೆಗೆ ಅದು ಅವನ ಕೈಸೇರಿದ್ದು 1779ರಲ್ಲಿ. ಹೆದ್ದಾರಿ 48ರ ಪಕ್ಕ ಎದ್ದಿರುವ ಬುಟೀಕ್ ಹೋಟೆಲಿನ ಕೋಣೆಯಲ್ಲಿ ದೀಪ ಆರಿಸಲು ಅಷ್ಟು ವರ್ಷ ಬೇಡ. ರಾತ್ರಿ ಹನ್ನೊಂದರಿಂದ ಒಂದು ಗಂಟೆವರೆಗೆ ಸಾಕು.

ಮೊದಲ ಸುತ್ತು, ಬಾಗಿಲ ಬಳಿಯ ಕಾರ್ಡಿನ ಗೂಡು. ಕಾರ್ಡ್ ತೂರಿಸಿದರೆ ಕರೆಂಟು, ತೆಗೆದರೆ ಕತ್ತಲೆ. ನೀವು ಊಟಕ್ಕೆ ಹೊರಟರೆ ಚಾರ್ಜಿಗಿಟ್ಟ ಮೊಬೈಲು ಉಪವಾಸ. ಗೂಡಿನೊಳಗೆ ಬರೀ ಒತ್ತುಗುಂಡಿಯಿರುವ ಅಗ್ಗದ ಮಾದರಿಯಾದರೆ ಚಿಂತೆಯಿಲ್ಲ, ಮದುವೆಯ ಕರೆಯೋಲೆ ಮಡಚಿ ತುರುಕಿದರೂ ಎಸಿ ಓಡುತ್ತದೆ. ಚಿಪ್ ಓದುವಂಥದ್ದಾದರೆ ಕೌಂಟರಿನಲ್ಲಿ ಎರಡನೆಯ ಕಾರ್ಡ್ ಕೇಳಿ. 'ರೂಮಿಗೆ ಒಂದೇ ಸಾರ್' ಅಂತಾರೆ. 'ಮನೆಯವರು ಹಿಂದೆ ಬರ್ತಿದಾರೆ' ಅನ್ನಿ, ಕೊಡ್ತಾರೆ.

ಹಾಸಿಗೆಯ ತಲೆಯ ಬಳಿ ಗಾಜಿನ ಟಚ್ ಫಲಕ. ಎಂಟು ಚುಕ್ಕಿ, ಒಂದಕ್ಕೂ ಹೆಸರಿಲ್ಲ. ಬರೆದರೆ ಡಿಸೈನ್ ಕೆಡುತ್ತದಂತೆ. ಎಲ್ಲ ಆರಿಸಿ ಮಲಗಿದಿರೋ, ನಡುರಾತ್ರಿ ಕರೆಂಟು ಹೋಗಿ ಬರುತ್ತದೆ. ಇಂಥ ಕೆಲವು ಫಲಕಗಳು ಇದ್ದಬದ್ದ ದೀಪವನ್ನೆಲ್ಲ ಹೊತ್ತಿಸಿಕೊಂಡೇ ಏಳುತ್ತವೆ. ಗೋಡೆಗೆ ಅಲಂಕಾರಕ್ಕೆ ಒಂದು ಒನಕೆ ತೂಗುಹಾಕಿರುತ್ತಾರೆ. ಆ ಹೊತ್ತಿನಲ್ಲಿ ಅದರ ಕಡೆ ನೋಡಬೇಡಿ.

ಇನ್ನು ಬಚ್ಚಲು. ಹಾಸಿಗೆಗೂ ಅದಕ್ಕೂ ನಡುವೆ ಗಾಜಿನ ಗೋಡೆ, ಅದಕ್ಕೊಂದು ಪರದೆ. ಪರದೆಯ ದಾರ ಹಾಸಿಗೆಯ ಕಡೆ. ಸ್ನಾನಕ್ಕೆ ಹೋದವರ ಮಾನ ಮಲಗಿದವರ ಕೈಯಲ್ಲಿ.

ತಲೆಯ ಮೇಲೆ ಮೊರದಗಲದ ಮಳೆ ಷವರ್, ಅದಕ್ಕೆ ನೀರುಣಿಸಲು 15 ಲೀಟರಿನ ಗೀಸರ್. ಲೆಕ್ಕ ಹಾಕಿ: 60 ಡಿಗ್ರಿಗೆ ಕಾದ ನೀರಿಗೆ ತಣ್ಣೀರು ಬೆರೆಸಿ 40ಕ್ಕೆ ತಂದರೆ ಸಿಗುವುದು ಸುಮಾರು 35 ಲೀಟರ್. ನಿಮಿಷಕ್ಕೆ 12 ಲೀಟರ್ ಸುರಿದರೆ ಮೂರೇ ನಿಮಿಷ. ನಾಲ್ಕನೆಯ ನಿಮಿಷಕ್ಕೆ ತಲೆತುಂಬ ಶಾಂಪೂ ನೊರೆ. 2 ಕಿಲೋವಾಟಿನ ಕಾಯಿಲ್ ಮತ್ತೆ ನೀರು ಕಾಯಿಸಲು ಹದಿನೆಂಟು ಇಪ್ಪತ್ತು ನಿಮಿಷ ಬೇಕು. ಬೋರ್‌ವೆಲ್ಲಿನ ಗಡಸು ನೀರಾದರೆ ಸುಣ್ಣ ಕಟ್ಟಿ ಅರ್ಧ ತೂತು ಮುಚ್ಚಿರುತ್ತವೆ, ಉಳಿದವು ಗೋಡೆಗೆ ಸ್ನಾನ ಮಾಡಿಸುತ್ತವೆ. ರಬ್ಬರ್ ತೂತುಗಳಾದರೆ ಹೆಬ್ಬೆರಳಿಂದ ಉಜ್ಜಿ, ಬಿಟ್ಟುಕೊಳ್ಳುತ್ತದೆ. ಇದೆಲ್ಲ ಬೇಡವೆಂದು ಬಕೆಟ್ಟು ಮಗ್ಗು ಕೇಳಿದರೆ 'ಕಾನ್ಸೆಪ್ಟಿಗೆ ಹೊಂದಲ್ಲ ಸಾರ್' ಎಂಬ ಉತ್ತರ. ಹೌಸ್‌ಕೀಪಿಂಗ್ ಹುಡುಗನನ್ನು ಕೇಳಿ. ನೆಲ ಒರೆಸುವ ಕೋಣೆಯಲ್ಲಿ ಎರಡು ಬಚ್ಚಿಟ್ಟಿರುತ್ತಾನೆ.

ಸುರಿದ ನೀರಾದರೂ ಹೋಗಬೇಕಲ್ಲ? ಬಚ್ಚಲ ನೆಲಕ್ಕೆ ಅಡಿಗೆ ಕಾಲಿಂಚು ಇಳಿಜಾರು ಕೊಡುವುದು ಗಾರೆಯವರ ಹಳೆಯ ಲೆಕ್ಕ. ಇಲ್ಲಿ ಎರಡಡಿಗೆ ನಾಲ್ಕಡಿಯ ದೊಡ್ಡ ಟೈಲ್ಸು. ಕತ್ತರಿಸದೆ ನಾಲ್ಕೂ ಕಡೆಯಿಂದ ಇಳಿಜಾರು ಬರದು, ಕತ್ತರಿಸಿದರೆ ಅಂದ ಹೋಗುತ್ತದೆ. ಹಾಗಾಗಿ ನೀರು ಜಾಲರಿಯನ್ನು ಬಿಟ್ಟು ಗಾಜಿನ ಬಾಗಿಲ ಸಂದಿಯಿಂದ ಹಾಸಿಗೆಯ ಕಡೆ ಬರುತ್ತದೆ, ಥೇಟ್ ಓಬವ್ವನ ಕಿಂಡಿಯಲ್ಲಿ ನುಸುಳಿದ ಸೈನಿಕರಂತೆ. ಕಿಟಕಿಯಾಚೆ ಕಾಣುವ ಬೆಟ್ಟದ ಮೇಲೆ, ಮಳೆನೀರು ಗೋಪಾಲಸ್ವಾಮಿ ಹೊಂಡದಿಂದ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಂತೆಹೊಂಡದವರೆಗೆ ಇಳಿಯುವ ಹಾಗೆ ಪಾಳೇಗಾರರ ಕಾಲದಲ್ಲೇ ಕಟ್ಟಿದ್ದಾರೆ. ಮೋಟರಿಲ್ಲ, ಸೆನ್ಸರಿಲ್ಲ.

ಬೆಳಗಿನ ತಿಂಡಿಗೆ ಬೆಣ್ಣೆ ದೋಸೆ. ದಾವಣಗೆರೆಯದ್ದೇ ಎಂದು ಮೆನುವಿನಲ್ಲಿ ಬರೆದಿದೆ. ಅಂಗೈಯಗಲದ್ದೊಂದು, ಅಂಚಿಲ್ಲದ ಕರಿಕಲ್ಲಿನ ಹಲಗೆಯ ಮೇಲೆ, ಪಕ್ಕಕ್ಕೆ ನೀರುಚಟ್ನಿ. ಬಚ್ಚಲಿಗೆ ಸಿಗದ ಇಳಿಜಾರು ಇಲ್ಲಿ ಸಿಕ್ಕಿದೆ: ಚಟ್ನಿ ನೆಟ್ಟಗೆ ಪ್ಯಾಂಟಿಗೆ.