ಮುತ್ತಜ್ಜ ಸತ್ತಿದ್ದಕ್ಕೆ ದಾಖಲೆ ಏನು?

"ನಿಮ್ಮ ಮುತ್ತಜ್ಜನ ಮರಣ ಪ್ರಮಾಣಪತ್ರ ಎಲ್ಲಿ?" ಅಂತ ಕೇಳಿದರು ಕೌಂಟರಿನ ಆಚೆ ಕೂತವರು. ನಾನು ಹೋಗಿದ್ದು ಪೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನಲ್ಲಿರುವ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸೋದಕ್ಕೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ನಮ್ಮ ಮುತ್ತಜ್ಜ ಕಾಯ್ದೆಗೆ ಕಾಯದೆ ಎಷ್ಟೋ ವರ್ಷ ಮೊದಲೇ ಹೊರಟುಬಿಟ್ಟಿದ್ದರು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ ಮಾತ್ರ ಇವತ್ತಿಗೂ ಅವರೇ ಹೊಲದ ಯಜಮಾನರು.

ಹಾಗಾದರೆ ಹಳೇ ದಾಖಲೆ ತನ್ನಿ ಅಂದರು. ನಮ್ಮದು ಮುಂಬೈ ಕರ್ನಾಟಕ, ಈಗಿನ ಕಿತ್ತೂರು ಕರ್ನಾಟಕ. ಹಳೇ ಕಾಗದ ಸಿಕ್ಕರೆ ಅದು ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೇ ಕೂಡುಬರಹದಲ್ಲಿರುತ್ತದೆ. ಓದುವವರನ್ನು ಎಲ್ಲಿಂದ ತರೋದು? ಶಾಲೆಯ ರಿಜಿಸ್ಟರ್ ನೋಡಿದರೆ ಅಜ್ಜ ಹುಟ್ಟಿದ್ದು ಜೂನ್ 1. ಅವರ ತಮ್ಮಂದಿರೂ ಜೂನ್ 1. ಅರ್ಧ ಊರೇ ಜೂನ್ 1, ಮಾಸ್ತರರ ಕೃಪೆ. ಅಜ್ಜ ಶಾಲೆಯಲ್ಲಿ ಬಸವಣ್ಣೆಪ್ಪ, ರೇಷನ್ ಕಾರ್ಡಿನಲ್ಲಿ ಬಸಪ್ಪ, ಮತದಾರರ ಪಟ್ಟಿಯಲ್ಲಿ ಬಸವರಾಜ. ಮೂವರೂ ಒಬ್ಬರೇ ಅಂತ ಅಫಿಡವಿಟ್ ಬೇಕಂತೆ. ಅಜ್ಜನನ್ನು ಕಣ್ಣಾರೆ ನೋಡಿದ ನನ್ನ ಮಾತಿಗೆ ಬೆಲೆಯಿಲ್ಲ, ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿದರೆ ಅದೇ ಮಾತು ಸತ್ಯ!

ಇದನ್ನೆಲ್ಲ ಬಾಯಲ್ಲೇ ಹೇಳುವವನು ಒಬ್ಬನಿದ್ದ. ನಮ್ಮ ಮನೆಯ ಹೆಳವ, ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಊರೂರಿಗೆ ಹೋಗಿ ಹೇಳುವವನು. ಸುಗ್ಗಿ ಮುಗಿದ ಮೇಲೆ ಬರುತ್ತಿದ್ದ. ಪ್ರತಿ ವರ್ಷವೇನಲ್ಲ, ಮರೆತೇಹೋಯಿತು ಅನ್ನುವಾಗ ಬರುತ್ತಿದ್ದ. ಅವರ ಹಿರಿಯರು ಎತ್ತಿನ ಮೇಲೆ ಕೂತು ಬರುತ್ತಿದ್ದರಂತೆ. ನಾನು ನೋಡಿದ ಹೆಳವ ಬಂದದ್ದು ಬೈಕಿನಲ್ಲಿ. ಕಟ್ಟೆಯ ಮೇಲೆ ಕಂಬಳಿ ಹಾಸಿಸಿಕೊಂಡು, ಚಹಾ ಕುಡಿದು, ಪುಸ್ತಕ ಬಿಚ್ಚಿ ಶುರು ಮಾಡಿದ. ಮೂಲಪುರುಷ ಯಾವ ಊರು ಬಿಟ್ಟು ಬಂದ, ಯಾವ ಬೆಡಗು ಅಂದರೆ ಕುಲದ ಕವಲು, ಯಾವ ಅಣ್ಣತಮ್ಮಂದಿರು ಜಗಳಾಡಿ ಬೇರೆಯಾದರು, ಎಲ್ಲಾ ಒಂದೇ ಉಸಿರಿನಲ್ಲಿ. ಸರಿಯಾಗಿ ನನ್ನ ಅಜ್ಜನ ಹತ್ತಿರ ಬಂದು ಪುಸ್ತಕ ಮುಚ್ಚಿದ.

"ಮುಂದ?" ಅಂದರು ದೊಡ್ಡಪ್ಪ.

"ಕಾಣಿಕಿ ಏನ್ರಿ ಗೌಡ್ರ?"

"ಒಂದು ಚೀಲ ಜೋಳ."

"ನಿಮ್ಮ ಅಜ್ಜಾರು ಎತ್ತು ಕೊಟ್ಟಿದ್ರು. ಇಲ್ಲೇ ಬರದೈತಿ ನೋಡ್ರಿ."

"ಅವರ ಮನ್ಯಾಗ ಎತ್ತು ಇದ್ವು. ನಮ್ಮ ಮನ್ಯಾಗ ಟ್ರ್ಯಾಕ್ಟರ್ ಐತಿ. ಅದನ್ನ ಕೊಡ್ಲೇನು?"

"ಕೊಟ್ರ ಬ್ಯಾಡ ಅನ್ನೂದಿಲ್ರಿ."

ಮಧ್ಯಾಹ್ನದ ಊಟದವರೆಗೂ ಇದೇ ನಡೆಯಿತು. ಕೊನೆಗೆ ಜೋಳದ ಜೊತೆ ದುಡ್ಡು, ಒಂದು ಧೋತರ ಅಂತ ತೀರ್ಮಾನವಾಗಿ ಪುಸ್ತಕ ಮತ್ತೆ ತೆರೆಯಿತು. ಹೊಸದಾಗಿ ಹುಟ್ಟಿದವರನ್ನು ಬರೆಸುವ ಸರದಿ. ನನ್ನ ತಮ್ಮ ಮಗನ ಹೆಸರು "ರಿಯಾಂಶ್" ಅಂದ. ಹೆಳವ ಪೆನ್ನು ಎತ್ತಿ ಹಿಡಿದು ಯೋಚಿಸಿದ. "ಬಾಯಾಗ ತಿರುಗೂದಿಲ್ರಿ. ಮನ್ಯಾಗ ಏನಂತ ಕರೀತೀರಿ?" ಪಪ್ಪು ಅಂತ ಕರೆಯುತ್ತೇವೆ. ಪಪ್ಪು ಅಂತಲೇ ಬರೆದುಕೊಂಡ. ಮುಂದೆ ಅವನ ಮೊಮ್ಮಕ್ಕಳು ಅಫಿಡವಿಟ್ ಮಾಡಿಸಲಿ, ನಾನೊಬ್ಬನೇ ಯಾಕೆ ಅನುಭವಿಸಬೇಕು?

ಹೆಳವನ ಪುಸ್ತಕ ತಂದರೆ ನಡೆಯುತ್ತದಾ ಅಂತ ಕೌಂಟರಿನಲ್ಲಿ ಕೇಳಿದೆ. ನಕ್ಕರು. ಹರಿದ್ವಾರದ ಪಂಡಾಗಳ, ಅಂದರೆ ತೀರ್ಥಪುರೋಹಿತರ ವಂಶಾವಳಿ ಬಹಿಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಘದವರು ಮೈಕ್ರೋಫಿಲ್ಮ್ ಮಾಡಿಟ್ಟುಕೊಂಡಿದ್ದಾರೆ. ನಮ್ಮ ಕಚೇರಿಗೆ ನಮ್ಮ ಹೆಳವ ತಮಾಷೆ.

ಹಾಗಂತ ಹೆಳವನನ್ನು ಹೊಗಳಿ ಅಟ್ಟಕ್ಕೇರಿಸುವ ಮನಸ್ಸೂ ಇಲ್ಲ. ಅಷ್ಟು ಹೊತ್ತು ಓದಿದನಲ್ಲ, ಅದರಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಬರಲಿಲ್ಲ. ಅವನಿಗೆ ರೊಟ್ಟಿ ಬಡಿದು ಹಾಕಿದ ಅವ್ವನೂ ಪುಸ್ತಕದಲ್ಲಿಲ್ಲ. ಗಂಡಸರು ಗಂಡಸರನ್ನೇ ಹೆತ್ತುಕೊಂಡು ಬಂದ ಹಾಗಿತ್ತು ನಮ್ಮ ವಂಶ. ಈಗ ಕಚೇರಿಗೆ ಕೊಡುವ ವಂಶಾವಳಿಯಲ್ಲಿ ಅತ್ತೆಯರ ಹೆಸರು ಬರೆಯದೆ ವಿಧಿಯಿಲ್ಲ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆಗಿ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಬಂದ ಮೇಲಂತೂ ನಮ್ಮ ಮನೆಯ ಗಂಡಸರಿಗೆ ಅಕ್ಕತಂಗಿಯರು ಫಕ್ಕನೆ ನೆನಪಾಗತೊಡಗಿದ್ದಾರೆ. ಸಹಿ ಬೇಕಲ್ಲ!

ದೊಡ್ಡತ್ತೆಗೆ ಫೋನ್ ಮಾಡಿ ಆಧಾರ್ ಕಾಪಿ ಕೇಳಿದೆ.

"ಈಗ ನೆನಪಾತೇನೋ ಅತ್ತಿ?" ಅಂದರು. "ಮೊದಲ ಮನಿಗೆ ಬಾ. ಸಹಿ ಆಮ್ಯಾಗ."

ಭಾನುವಾರ ಹೋಗಬೇಕು. ಹೋಳಿಗೆ ಮಾಡಿರುತ್ತಾರೆ. ಬೈಗುಳ ಬೇರೆ.