ಜೆರ್ಸಿಯ ಬಣ್ಣ ಹೇಳುವುದು ಕೆಲಸವನ್ನು, ಪದವಿಯನ್ನಲ್ಲ

ವಿಮಾನವಾಹಕ ನೌಕೆಯ ಡೆಕ್ ಮೇಲೆ ಬಣ್ಣಬಣ್ಣದ ಜೆರ್ಸಿ ತೊಟ್ಟವರ ಚಿತ್ರವೊಂದು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತದೆ. ಬಣ್ಣ ನೋಡಿದರೆ ಮೇಲಧಿಕಾರಿ ಯಾರೆಂದು ಗೊತ್ತಾಗುತ್ತದೆ ಎಂಬುದು ಅದರ ಸಾರ. ಇದು ತಪ್ಪು. ಜೆಟ್ ಎಂಜಿನ್ನಿನ ಅಬ್ಬರದಲ್ಲಿ ಕೂಗಿದ್ದು ಕೇಳಿಸದು. ಆದ್ದರಿಂದ ಯಾರ ಕೆಲಸ ಏನು ಎಂಬುದು ದೂರದಿಂದಲೇ ಕಾಣಬೇಕು. ಬಣ್ಣ ಇರುವುದು ಅದಕ್ಕೆ.

ಅಮೆರಿಕದ ನೌಕೆಗಳಲ್ಲಿ ನೇರಳೆ ಬಣ್ಣ ಇಂಧನ ತುಂಬುವವರದು. ಬಾಂಬು, ಕ್ಷಿಪಣಿ ಜೋಡಿಸುವವರು ಮತ್ತು ಅಪಘಾತವಾದಾಗ ಬೆಂಕಿ ಆರಿಸುವವರು ಕೆಂಪು ತೊಡುತ್ತಾರೆ. ಚಕ್ರಕ್ಕೆ ತಡೆ ಇಟ್ಟು ಸರಪಳಿ ಬಿಗಿಯುವವರದು ನೀಲಿ, ಕ್ಯಾಟಪಲ್ಟ್ (ವಿಮಾನವನ್ನು ರಭಸದಿಂದ ಮುಂದಕ್ಕೆ ಚಿಮ್ಮಿಸಿ ಹಾರಿಸುವ ಯಂತ್ರ) ನಡೆಸುವವರದು, ದುರಸ್ತಿಯವರದು ಹಸಿರು. ಒಂದೊಂದು ವಿಮಾನದ ಸಿದ್ಧತೆ ನೋಡಿಕೊಳ್ಳುವವರದು ಕಂದು. ಸುರಕ್ಷತೆ, ತಪಾಸಣೆ, ವೈದ್ಯಕೀಯ ತಂಡದವರದು ಬಿಳಿ.

ಗೊಂದಲ ಹುಟ್ಟುವುದು ಹಳದಿಯಿಂದ, ಅದು ಸಹಜವೂ ಹೌದು. ಹಳದಿಯವರು ವಿಮಾನಗಳಿಗೆ ದಾರಿ ತೋರಿಸುತ್ತಾರೆ. ಪೈಲಟ್ ಪದವಿಯಲ್ಲಿ ದೊಡ್ಡವರಾದರೂ ಡೆಕ್ ಮೇಲೆ ಆ ನಾವಿಕರ ಕೈಸನ್ನೆಯಂತೆಯೇ ವಿಮಾನ ಸರಿಸಬೇಕು. ಕ್ಯಾಟಪಲ್ಟ್ ಅಧಿಕಾರಿಯೂ ಹಳದಿಯನ್ನೇ ತೊಡುತ್ತಾರೆ.

ಪರೀಕ್ಷಿಸಲು ಚಿತ್ರವನ್ನು ದೊಡ್ಡದು ಮಾಡಿ, ಹೆಲ್ಮೆಟ್ ಗಮನಿಸಿ. ಹಳದಿ ಜೆರ್ಸಿಗೆ ಹಳದಿ ಹೆಲ್ಮೆಟ್ ಇದ್ದರೆ ದಾರಿ ತೋರಿಸುವವರು, ಹಸಿರು ಇದ್ದರೆ ಕ್ಯಾಟಪಲ್ಟ್ ಅಧಿಕಾರಿ. ಜೆರ್ಸಿಯ ಮೇಲಿನ ಬರಹವನ್ನೂ ಓದಿ. ಬಳಿಕ ನೌಕೆ ಯಾವ ದೇಶದ್ದೆಂದು ತಿಳಿದು, ಆ ದೇಶದ ನೌಕಾಪಡೆಯೇ ಪ್ರಕಟಿಸಿದ ಮಾಹಿತಿಗೆ ಹೋಲಿಸಿ. ಒಂದು ದೇಶದ ಪಟ್ಟಿ ಇನ್ನೊಂದಕ್ಕೆ ಪೂರ್ತಿ ಹೊಂದಬೇಕಿಲ್ಲ: ನಮ್ಮ ವಿಮಾನವಾಹಕ ನೌಕೆ ವಿಕ್ರಮಾದಿತ್ಯದಲ್ಲಿ ಕ್ಯಾಟಪಲ್ಟೇ ಇಲ್ಲ, ವಿಮಾನಗಳು ಡೆಕ್ಕಿನ ಮುಂತುದಿಯ ಏರುಹಾದಿಯಿಂದ ಹಾರುತ್ತವೆ.