ಎರಡನೆಯ ತಳ್ಳುಗಾಡಿ: ಮಗು ಅದರಲ್ಲಿ ಇಲ್ಲದ ಹೊತ್ತಿಗೆ

ಲಂಡನ್ನಿನ ಕನ್ನಡ ಸಂಸಾರಗಳಲ್ಲಿ ಮಗುವಿಗೆ ಆರೇಳು ತಿಂಗಳಾಗುತ್ತಿದ್ದಂತೆ ಒಂದು ಚರ್ಚೆ ತಪ್ಪದೆ ಏಳುತ್ತದೆ. ಮಗುವನ್ನು ಕೂರಿಸಿಕೊಂಡು ಹೋಗಲು ಮೊದಲು ಕೊಂಡ ತಳ್ಳುಗಾಡಿ (ಸ್ಟ್ರೋಲರ್) ಭಾರ, ಬಾಗಿಲ ಬಳಿ ಅರ್ಧ ಜಾಗ ಅದಕ್ಕೇ ಬೇಕು. ಬಸ್ಸಿಗೆ, ಟ್ಯೂಬ್ ಎಂಬ ನೆಲದಡಿಯ ರೈಲಿಗೆ, ಊರಿಗೆ ಹೋಗುವ ವಿಮಾನಕ್ಕೆ ಇನ್ನೊಂದು ಹಗುರವಾದದ್ದು ಬೇಕು. ಯಾವುದು ಒಳ್ಳೆಯದು ಎಂದು ಕೇಳಿದರೆ ಸಾಕು, ಮೆತ್ತನೆಯ ಸೀಟು, ಅಗಲವಾದ ಚಪ್ಪರ, ಕಾಫಿ ಲೋಟ ಇಡುವ ಬಳೆ ಎಂದು ಎಲ್ಲರೂ ಸೀಟಿನ ಸುಖವನ್ನೇ ವರ್ಣಿಸುತ್ತಾರೆ.

ನನ್ನ ಅಭಿಪ್ರಾಯ ಬೇರೆ. ಎರಡನೆಯ ಗಾಡಿಯನ್ನು ಖರೀದಿಸುವಾಗ ಮಗು ಅದರಲ್ಲಿ ಕೂತಿಲ್ಲದ ಹೊತ್ತನ್ನು ನೆನೆಯಬೇಕು. ಮಗು ನಿಮ್ಮ ಎಡಗೈಯಲ್ಲಿದೆ, ಹೆಗಲಲ್ಲಿ ಚೀಲ, ಮುಂದೆ ಮೆಟ್ಟಿಲು, ಹಿಂದೆ ಅವಸರದ ಜನ. ಆಗ ಆ ವಸ್ತು ಒಂದೇ ಕೈಗೆ ಮಡಚಿಕೊಳ್ಳುತ್ತದೆಯೇ? ಮಡಚಿದ ಮೇಲೆ ತಾನಾಗಿ ನಿಲ್ಲುತ್ತದೆಯೇ? ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ ಇದೆಯೇ? ಚಪ್ಪರದ ಬಣ್ಣ ಆಮೇಲೆ ನೋಡಿಕೊಳ್ಳೋಣ.

ಲಂಡನ್ನಿನ ಟ್ಯೂಬ್ ನಿಲ್ದಾಣಗಳಲ್ಲಿ ಮೆಟ್ಟಿಲು ಹತ್ತದೆ ಪ್ಲಾಟ್‌ಫಾರ್ಮ್ ತಲುಪಬಹುದಾದವು ಸುಮಾರು ಮೂರನೇ ಒಂದು ಭಾಗ ಮಾತ್ರ. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್ ರೈಲುಮಾರ್ಗದಲ್ಲಿ ಎಲ್ಲ ನಿಲ್ದಾಣಗಳಿಗೂ ಆ ಅನುಕೂಲವಿದೆ, ಆದರೆ ನಾವು ಹೋಗಬೇಕಾದ ಮನೆಗಳು ಅದರ ಪಕ್ಕದಲ್ಲೇ ಇರುವುದಿಲ್ಲವಲ್ಲ!

ಬಸ್ಸಿನ ವಿಷಯ ಇನ್ನೂ ಮುಖ್ಯ. ಗಾಡಿಯನ್ನು ಬಿಚ್ಚಿದ ಹಾಗೆಯೇ ನಿಲ್ಲಿಸುವ ಜಾಗ ಮೂಲತಃ ಗಾಲಿಕುರ್ಚಿಯವರದು. 2012ರಲ್ಲಿ ಗಾಲಿಕುರ್ಚಿ ಬಳಸುವ ಡಗ್ ಪಾಲಿ ಎಂಬವರು ಇಂಗ್ಲೆಂಡಿನ ವೆದರ್ಬಿಯಿಂದ ಲೀಡ್ಸ್‌ಗೆ ಹೋಗಲು ಬಸ್ ಹತ್ತಲು ಬಂದಾಗ ಆ ಜಾಗದಲ್ಲಿ ಒಬ್ಬ ತಾಯಿ, ಮಲಗಿದ್ದ ಮಗು, ತಳ್ಳುಗಾಡಿ. ಚಾಲಕ ಕೇಳಿದಾಗ ಈ ಗಾಡಿಯನ್ನು ಮಡಚಲು ಬರುವುದಿಲ್ಲ ಎಂದು ಆಕೆ ಸರಿಯಲಿಲ್ಲ. ಪಾಲಿಯವರು ಕೆಳಗೇ ಉಳಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಚಾಲಕ ಒಮ್ಮೆ ಕೇಳಿ ಸುಮ್ಮನಾದರೆ ಸಾಲದು, ಒತ್ತಾಯಪಡಿಸುವುದನ್ನೂ ಯೋಚಿಸಬೇಕು ಎಂದು 2017ರ ಜನವರಿಯಲ್ಲಿ ತೀರ್ಪು ಬಂತು. ಆ ತಾಯಿಯನ್ನು ದೂರುವುದು ಸುಲಭ. ಮಲಗಿದ ಮಗುವನ್ನು ಎಬ್ಬಿಸುವ ಸಂಕಟ ನನಗೂ ಗೊತ್ತು. ಆದರೂ ಬಸ್ಸಿಗೆಂದೇ ಗಾಡಿ ಕೊಳ್ಳುವವರು ಮಡಚಲಾಗದ್ದನ್ನು ಕೊಂಡರೆ ಅದರ ಬೆಲೆ ತೆರುವವರು ಬೇರೆಯವರು. ನನಗೆ ಇದು ಅನುಕೂಲದ ಪ್ರಶ್ನೆಯಷ್ಟೇ ಅಲ್ಲ, ಮರ್ಯಾದೆಯ ಪ್ರಶ್ನೆ.

ಕೊಡೆಯಂತೆ ಉದ್ದಕ್ಕೆ ಮಡಚುವ ಗಾಡಿಯನ್ನು 1965ರಲ್ಲಿ ರೂಪಿಸಿದ ಓವೆನ್ ಮೆಕ್ಲಾರೆನ್ ವಿಮಾನದ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳು ಒಳಕ್ಕೆ ಮಡಚಿಕೊಳ್ಳುವ ವ್ಯವಸ್ಥೆಯಲ್ಲಿ ಕೆಲಸ ಮಾಡಿದ್ದವರು. ಅಲ್ಯೂಮಿನಿಯಂ ಚೌಕಟ್ಟಿನ ಆ ಗಾಡಿಯ ತೂಕ ಮೂರು ಕಿಲೊ ಕೂಡ ಇರಲಿಲ್ಲ. ಅಗ್ಗವಾಗಿ, ಹಗುರವಾಗಿ ಸಿಗುವುದು ಇಂದಿಗೂ ಈ ಜಾತಿಯೇ. ಆದರೆ ಹೆಚ್ಚಿನವುಗಳನ್ನು ಮಡಚಲು ಎರಡು ಕೈ, ಒಂದು ಕಾಲು ಬೇಕು. ಮಡಚಿದ ಮೇಲೆ ಉದ್ದ ಹಾಗೆಯೇ ಉಳಿಯುತ್ತದೆ. ಇಬ್ಬರು ಜೊತೆಯಾಗಿ ಓಡಾಡುವವರಿಗೆ ಧಾರಾಳವಾಗಿ ಸಾಕು. ಒಬ್ಬರೇ ಹೋಗುವವರಿಗೆ ಪೆಟ್ಟಿಗೆಯಂತೆ ಚಿಕ್ಕದಾಗುವ ಬಗೆಯೇ ಸರಿ. ಯೋಯೋ ಎಂಬ ಹೆಸರಿನ ಗಾಡಿಯ ತರಹದ್ದು ಆರು ಕಿಲೊ ಚಿಲ್ಲರೆ, ಮಡಚಿದರೆ 52 × 44 × 18 ಸೆಂಟಿಮೀಟರ್. ಹೊಸದಕ್ಕೆ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ; ಬಳಸಿದ್ದನ್ನೇ ಕೊಳ್ಳಿ, ಬ್ರೇಕು, ಬಕಲ್ಲು, ಮಡಚುವ ಕೊಂಡಿ ಮೂರನ್ನೂ ಹತ್ತಾರು ಬಾರಿ ಆಡಿಸಿ ನೋಡಿ. ವಿಮಾನದೊಳಗೆ ಒಯ್ಯಬಹುದು ಎಂಬ ಜಾಹೀರಾತನ್ನು ಮಾತ್ರ ಪೂರ್ತಿ ನಂಬಬೇಡಿ. ಪ್ರತಿ ವಿಮಾನ ಸಂಸ್ಥೆಯ ಅಳತೆ ಬೇರೆ, ಅಂದಿನ ಸಿಬ್ಬಂದಿಯ ಮನಸ್ಸೂ ಬೇರೆ.

ಸರಿಯಾಗಿ ಕೂರಲು ಬಾರದ ಎಳೆಗೂಸಿಗೆ ಪೂರ್ತಿ ಚಪ್ಪಟೆಯಾಗದ ಸೀಟು ಸಲ್ಲದು, ಅಲ್ಲಿಯವರೆಗೆ ದೊಡ್ಡ ಗಾಡಿಯೇ ಇರಲಿ. ಹಗುರ ಗಾಡಿಯ ಹಿಡಿಕೆಗೆ ತರಕಾರಿ ಚೀಲ ನೇತುಹಾಕುವ ಚಟವನ್ನೂ ಬಿಡಿ. ಮಗುವನ್ನು ಎತ್ತಿಕೊಂಡ ಕ್ಷಣವೇ ಅದು ಹಿಂದಕ್ಕೆ ಮಗುಚುತ್ತದೆ.

ರಜೆಗೆ ಬೆಂಗಳೂರಿಗೆ ಹೋಗುವವರು ಆ ಚಿಕ್ಕ ಚಕ್ರಗಳಿಂದ ಏನನ್ನೂ ನಿರೀಕ್ಷಿಸಬೇಡಿ. ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಒಳಗೆ ಗಾಡಿ ನುಣ್ಣಗೆ ಉರುಳುತ್ತದೆ. ಹೊರಗೆ ಬಂದರೆ ಎದ್ದ ಕಲ್ಲುಚಪ್ಪಡಿ, ಪಾದಚಾರಿ ಹಾದಿಯ ಮೇಲೆ ನಿಲ್ಲಿಸಿದ ಬೈಕು. ಅಲ್ಲಿ ಗಾಡಿಯನ್ನು ಮಡಚಿ ಆಟೊದಲ್ಲಿ ಕಾಲ ಬಳಿ ಇಟ್ಟುಕೊಳ್ಳುವುದೇ ಸರಿ. ಅಜ್ಜಿಯ ಸೊಂಟ ಸಿಕ್ಕ ಮೇಲೆ ಮಗು ಹೇಗೂ ಅದರಲ್ಲಿ ಕೂರುವುದಿಲ್ಲ.